ಬಿಗಿ ಆಟಗಾರನ ಎದುರು ಇಬ್ಬರ ಪೋಕರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಎದುರಾಳಿಯ ಬಗ್ಗೆ. ಮೇಜಿನಲ್ಲಿ ಇಬ್ಬರೇ ಇದ್ದರೂ ಒಳ್ಳೆಯ ಎಲೆ ಬರುವ ತನಕ ಕೈಕಟ್ಟಿ ಕೂರುವವನು, ಸ್ವಲ್ಪ ಒತ್ತಿದರೆ ಎಲೆ ಬಿಟ್ಟುಬಿಡುವವನು. ಹಾಗಾಗಿ ಈ ಕಂತನ್ನು ಅವನೊಬ್ಬನಿಗೇ ಮೀಸಲಿಟ್ಟಿದ್ದೇವೆ. ಕೆಳಗಿನ ಲೆಕ್ಕಗಳೆಲ್ಲ ನೋ-ಲಿಮಿಟ್ (ಪಣಕ್ಕೆ ಮಿತಿಯಿಲ್ಲದ) ಟೆಕ್ಸಾಸ್ ಹೋಲ್ಡೆಮ್ ಹೆಡ್ಸ್-ಅಪ್ (ಇಬ್ಬರೇ ಆಡುವ) ಆಟದವು. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಬೇರೆ ಹೇಳದಿದ್ದರೆ ಇಬ್ಬರ ಬಳಿಯೂ 100 ಬಿಗ್ ಬ್ಲೈಂಡ್ ಚಿಪ್ಸ್ ಇದೆ ಎಂದು ಇಟ್ಟುಕೊಳ್ಳಿ. ಎಲೆ ನೋಡುವ ಮುಂಚೆಯೇ ಒಬ್ಬರು ಕಟ್ಟಲೇಬೇಕಾದ ಪಣ ಬಿಗ್ ಬ್ಲೈಂಡ್, ಇನ್ನೊಬ್ಬರು ಕಟ್ಟುವ ಅದರ ಅರ್ಧ ಸ್ಮಾಲ್ ಬ್ಲೈಂಡ್. 'ಬಿಬಿ' ಎಂದರೆ ಒಂದು ಬಿಗ್ ಬ್ಲೈಂಡ್.

ಪ್ರಶ್ನೆ: ನನ್ನ ಎದುರಾಳಿ ಹತ್ತರಲ್ಲಿ ಆರೇಳು ಕೈ (ಒಂದು ಸಲ ಎಲೆ ಹಂಚಿ ಆಡುವ ಆಟ) ಬಿಟ್ಟುಕೊಡುತ್ತಾನೆ. ಪಾಟ್‌ಗಳನ್ನು (ಒಂದು ಕೈಯಲ್ಲಿ ಮೇಜಿನ ಮಧ್ಯೆ ಸೇರುವ ಚಿಪ್ಸ್) ಎಣಿಸಿದರೆ ನಾನೇ ಹೆಚ್ಚು ಗೆದ್ದಿರುತ್ತೇನೆ. ಆದರೂ ಆಟ ಮುಗಿಯುವಾಗ ಚಿಪ್ಸ್ ಅವನ ಕಡೆಗೇ ಸೇರಿರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಗೆದ್ದ ಪಾಟ್‌ಗಳಲ್ಲಿ ಅಲ್ಲ, ಸೋತ ಎರಡು ಮೂರು ಪಾಟ್‌ಗಳಲ್ಲಿ. ಬಿಗಿ ಆಟಗಾರ ಕೊಡುವುದು ಚಿಲ್ಲರೆ, ಕಸಿಯುವುದು ಗಂಟು. ಪ್ರತಿಯೊಂದು ಕೈಯನ್ನೂ ಬಿಟ್ಟುಕೊಡುವ ಒಬ್ಬ ಆಟಗಾರನನ್ನು ಊಹಿಸಿಕೊಳ್ಳಿ. ಒಂದು ಕೈಯಲ್ಲಿ ಸ್ಮಾಲ್ ಬ್ಲೈಂಡ್ 0.5, ಮುಂದಿನದರಲ್ಲಿ ಬಿಗ್ ಬ್ಲೈಂಡ್ 1, ಅಂದರೆ ಎರಡು ಕೈಗೆ 1.5 ಬಿಬಿ, ನೂರು ಕೈಗೆ 75 ಬಿಬಿ ಕಳೆದುಕೊಳ್ಳುತ್ತಾನೆ. ನಿಮ್ಮ ಎದುರಾಳಿ ಅಷ್ಟು ಅತಿರೇಕದವನಲ್ಲ ನಿಜ, ಆದರೆ ಸೋರಿಕೆ ಇರುವುದು ಅಲ್ಲಿಯೇ. ನೂರು ಕೈಯಲ್ಲಿ ಅವನು ಇಂಥ ಚಿಲ್ಲರೆಯಾಗಿ 30 ಬಿಬಿ ಕೊಟ್ಟ ಮೇಲೆ ಒಂದೇ ಒಂದು ಸಲ ತಿರುಗಿ ನಿಂತು, ನೀವು ಅವನನ್ನು ನಂಬದೆ ಜೋಡಿ ಹಿಡಿದುಕೊಂಡು ರಿವರ್ ತನಕ ಹೋದರೆ 50 ಬಿಬಿ ವಾಪಸು ಹೋಯಿತು.

ಕೆಲಸ ಎರಡೇ. ಅವನು ಬಿಡುವಾಗ ಬಿಡದೆ ತೆಗೆದುಕೊಳ್ಳಿ. ಅವನು ನಿಂತಾಗ ನೀವು ಬಿಡಿ. ಮೊದಲನೆಯದು ಎಲ್ಲರಿಗೂ ಬರುತ್ತದೆ. ಎರಡನೆಯದಕ್ಕೆ ಬಂದಾಗ, "ಇಷ್ಟು ಹೊತ್ತು ಹೆದರಿದವನು ಈಗ ಮಾತ್ರ ಹೇಗೆ ಹೆದರಲಿಲ್ಲ" ಎಂಬ ಅನುಮಾನ ಹುಟ್ಟಿ ಕೈ ತಾನಾಗಿ ಕಾಲ್ ಮಾಡಿಬಿಡುತ್ತದೆ (ಅವನು ಹಾಕಿದಷ್ಟೇ ಹಾಕಿ ಉಳಿಯುತ್ತದೆ). ಆ ಅನುಮಾನಕ್ಕೆ ಉತ್ತರ ಸರಳ: ಇಷ್ಟು ಹೊತ್ತು ಎಲೆ ಇರಲಿಲ್ಲ, ಈಗ ಇದೆ.

ಪ್ರಶ್ನೆ: ಬಟನ್ (ಎಲೆ ಹಂಚುವವರ ಜಾಗ) ಮೇಲೆ ಯಾವ ಎಲೆಗಳಿಗೆ ರೇಸ್ ಮಾಡಬೇಕು (ಪಣ ಏರಿಸಬೇಕು), ಎಷ್ಟಕ್ಕೆ? ಆರೇಳು ಜನರ ಮೇಜಿನಲ್ಲಿ ಕಲಿತ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಆ ಪಟ್ಟಿಯನ್ನು ಇಟ್ಟುಕೊಂಡರೆ ನೀವೂ ಅವನಷ್ಟೇ ಬಿಗಿ ಆಟಗಾರರಾಗುತ್ತೀರಿ.

ಹೆಡ್ಸ್-ಅಪ್‌ನಲ್ಲಿ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್. 0.5 ಈಗಾಗಲೇ ಒಳಗಿದೆ, ಅವನದು 1. ನೀವು 2 ಬಿಬಿಗೆ ರೇಸ್ ಮಾಡಿದರೆ ಹೊಸದಾಗಿ ಹಾಕುವುದು 1.5, ಗೆಲ್ಲಲು ಇರುವುದೂ 1.5. ಅವನು ಅರ್ಧದಷ್ಟು ಸಲ ಬಿಟ್ಟರೆ ಸಾಕು, ನಿಮ್ಮ ಎಲೆ ಏನೇ ಇದ್ದರೂ ನಷ್ಟವಿಲ್ಲ. 2.5 ಬಿಬಿಗೆ ರೇಸ್ ಮಾಡಿದರೆ 2 ಹಾಕಿ 1.5 ಗೆಲ್ಲುವ ಆಟ. ಆಗ ಶೇ 57ರಷ್ಟು ಬಿಡಬೇಕು. 3 ಬಿಬಿ ಆದರೆ ಶೇ 62.5. ಬಿಗಿ ಆಟಗಾರನಿಗೆ 2 ಬಿಬಿಯೂ ಒಂದೇ, 3 ಬಿಬಿಯೂ ಒಂದೇ. ಅವನು ನೋಡುವುದು ತನ್ನ ಎರಡು ಎಲೆಯನ್ನು, ನಿಮ್ಮ ರೇಸಿನ ಅಳತೆಯನ್ನಲ್ಲ. ಹಾಗಿರುವಾಗ ಅದೇ ಸರಕಿಗೆ ಹೆಚ್ಚು ಕೊಡುವುದೇಕೆ? 2 ಬಿಬಿ ಸಾಕು.

ಅವನು ಶೇ 60 ಸಲ ಬಿಡುತ್ತಾನೆ ಎನ್ನೋಣ. ಅವನು ಕಾಲ್ ಮಾಡಿದ ಪ್ರತಿ ಸಲವೂ ನೀವು ಸೋತೇ ಹೋಗುತ್ತೀರಿ ಎಂಬ ಅತಿ ಕೆಟ್ಟ ಲೆಕ್ಕ ಹಿಡಿದರೂ 0.6 × 1.5 ಬಂತು, 0.4 × 1.5 ಹೋಯಿತು, ಎಲೆ ಬಿಡುವುದಕ್ಕಿಂತ ಕೈಗೆ 0.3 ಬಿಬಿ ಮೇಲು. ಅಂದರೆ ಇಂಥವನ ಎದುರು ಏಳು-ಎರಡು ಕೂಡ ರೇಸ್ ಮಾಡುವ ಎಲೆಯೇ. ಎಲ್ಲ ಕೈಗೂ ರೇಸ್ ಮಾಡಿದರೆ ಅವನಿಗೆ ಗೊತ್ತಾಗಿಬಿಡುತ್ತದೆ ಎಂಬ ಅಳುಕಿದ್ದರೆ ತೀರಾ ಕೆಳಗಿನ ಹತ್ತು ಹದಿನೈದು ಶೇಕಡ ಬಿಡಿ: ಬೇರೆ ಬೇರೆ ಬಣ್ಣದ (ಬಣ್ಣ ಎಂದರೆ ಇಸ್ಪೀಟು, ಆಟಿನ್, ಡೈಮಂಡ್, ಕ್ಲಾವರ್ ಇವುಗಳಲ್ಲಿ ಒಂದು) ಏಳು-ಎರಡು, ಎಂಟು-ಮೂರು, ಒಂಬತ್ತು-ಎರಡು ಇಂಥವು.

ಪ್ರಶ್ನೆ: ಇಬ್ಬರೇ ಆಡುವಾಗ ಬಟನ್ ಇರುವವರು ಮೊದಲು ಆಡಬೇಕೋ ಕೊನೆಗೋ? ಪ್ರತಿ ಸಲವೂ ಇದೇ ಜಗಳ.

ಉತ್ತರ: ಫ್ಲಾಪ್‌ಗೆ ಮುಂಚೆ ಬಟನ್ (ಅವರೇ ಸ್ಮಾಲ್ ಬ್ಲೈಂಡ್) ಮೊದಲು ಆಡಬೇಕು. ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಬಟನ್ ಕೊನೆಗೆ. ಎಲೆ ಹಂಚುವಾಗ ಮೊದಲ ಎಲೆ ಬಿಗ್ ಬ್ಲೈಂಡಿಗೆ, ಕೊನೆಯ ಎಲೆ ಬಟನ್‌ಗೆ. ಮೂರು ಜನ ಇದ್ದವರು ಇಬ್ಬರಾದಾಗ ಯಾರೂ ಸತತ ಎರಡು ಸಲ ಬಿಗ್ ಬ್ಲೈಂಡ್ ಕಟ್ಟದ ಹಾಗೆ ಬಟನ್ ಸರಿಪಡಿಸಿಕೊಳ್ಳಿ.

ಪ್ರಶ್ನೆ: ಎಷ್ಟು ಕೈ ನೋಡಿದ ಮೇಲೆ ಎದುರಾಳಿ ನಿಜವಾಗಿ ಬಿಗಿ ಎಂದು ನಿರ್ಧರಿಸಬಹುದು? ಸುಮ್ಮನೆ ಕೆಟ್ಟ ಎಲೆ ಬರುತ್ತಿರಬಹುದಲ್ಲ?

ಉತ್ತರ: ಖಂಡಿತ ಇರಬಹುದು. ನಿಮ್ಮ ಬಟನ್‌ನ 20 ರೇಸ್‌ಗಳಲ್ಲಿ ಅವನು 12 ಸಲ ಬಿಟ್ಟ ಎಂದುಕೊಳ್ಳಿ. ಅರ್ಧಕ್ಕರ್ಧ ಬಿಡುವ ಸಾಮಾನ್ಯ ಆಟಗಾರನೂ 20ರಲ್ಲಿ 12 ಅಥವಾ ಹೆಚ್ಚು ಸಲ ಬಿಡುವ ಸಂಭವ ಶೇ 25. ನಾಲ್ಕರಲ್ಲಿ ಒಂದು ಸಲ ಅದು ಬರೀ ಎಲೆಯ ಆಟ. ಅದೇ 20ರಲ್ಲಿ 15 ಆದರೆ ಆ ಸಂಭವ ಶೇ 2ಕ್ಕೆ ಇಳಿಯುತ್ತದೆ. 15 ಕಂಡರೆ ನಂಬಿ, 12 ಕಂಡರೆ ಇನ್ನೊಂದಷ್ಟು ನೋಡಿ. ಅಲ್ಲಿಯ ತನಕ ಕಾಯುತ್ತ ಕೂರಬೇಕಾಗಿಲ್ಲ, 2 ಬಿಬಿ ರೇಸ್ ಹೇಗೂ ಅಗ್ಗ.

ಬಿಟ್ಟ ಎಲೆಗಳಿಗಿಂತ ತೋರಿಸಿದ ಎಲೆಗಳು ಹೆಚ್ಚು ಹೇಳುತ್ತವೆ. ಎಲೆ ತೆರೆದಾಗಲೆಲ್ಲ ಹಿಂದಕ್ಕೆ ಹೋಗಿ ಲೆಕ್ಕ ಹಾಕಿ: ಈ ಎಲೆಗೆ ಫ್ಲಾಪ್‌ನಲ್ಲಿ ಏನು ಮಾಡಿದ, ಟರ್ನ್‌ನಲ್ಲಿ ಏನು ಮಾಡಿದ? ಎಕ್ಕ-ರಾಣಿ ಹಿಡಿದು ಫ್ಲಾಪ್‌ಗೆ ಮುಂಚೆ ಬರೀ ಕಾಲ್ ಮಾಡಿದವನು ಮರು-ರೇಸ್ ಮಾಡಿದರೆ ಅವನ ಕೈಯಲ್ಲಿ ಇರುವುದು ಅದಕ್ಕೂ ಮೇಲಿನದು. ಜೋಡಿ ರಾಜ ಹಿಡಿದು ರಿವರ್‌ನಲ್ಲಿ ಚೆಕ್ ಮಾಡಿದವನು (ಬೆಟ್ ಹಾಕದೆ ಸರದಿ ದಾಟಿಸಿದವನು) ಮುಂದೆ ರಿವರ್‌ನಲ್ಲಿ ದೊಡ್ಡ ಬೆಟ್ ಹಾಕಿದರೆ ಒಂದು ಜೋಡಿಗೆ ಹಾಕುವುದಿಲ್ಲ. ಇಂಥ ಎರಡು ತೆರೆದ ಕೈಗಳು ಇಪ್ಪತ್ತು ಫೋಲ್ಡ್‌ಗಳಿಗೆ (ಬಿಟ್ಟ ಕೈಗಳಿಗೆ) ಸಮ.

ಪ್ರಶ್ನೆ: ನನ್ನ ರೇಸ್‌ಗೆ ಅವನು ಕಾಲ್ ಮಾಡಿದ. ಫ್ಲಾಪ್ ರಾಜ, ಏಳು, ಎರಡು. ಮೂರೂ ಬೇರೆ ಬೇರೆ ಬಣ್ಣ. ಅವನು ಚೆಕ್. ನನ್ನ ಕೈಯಲ್ಲಿ ಏನೂ ಇಲ್ಲ. ಎಷ್ಟು ಬೆಟ್ ಹಾಕಬೇಕು, ಎಷ್ಟು ಸಲ ಹಾಕಬೇಕು, ಎಲ್ಲಿ ನಿಲ್ಲಿಸಬೇಕು?

ಉತ್ತರ: ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸೋಣ, ಏಕೆಂದರೆ ಇಡೀ ಆಟದ ಲಾಭ ಇಂಥ ಫ್ಲಾಪ್‌ಗಳಲ್ಲಿದೆ.

ಬಿಗಿ ಆಟಗಾರ 2 ಬಿಬಿಗೆ ಬರೀ ಕಾಲ್ ಮಾಡುವ ಎಲೆಗಳು ಯಾವುವು? ದೊಡ್ಡ ಜೋಡಿ ಮತ್ತು ಎಕ್ಕ-ರಾಜಕ್ಕೆ ಅವನು ಮರು-ರೇಸ್ ಮಾಡಿರುತ್ತಾನೆ. ಉಳಿದದ್ದು ಹೀಗಿದೆ ಎನ್ನೋಣ: ನಾಲ್ಕರಿಂದ ಹತ್ತರ ತನಕ ಜೋಡಿಗಳು, ಎಕ್ಕದ ಜೊತೆ ರಾಣಿ, ಗುಲಾಮ ಅಥವಾ ಹತ್ತು, ರಾಜನ ಜೊತೆ ಈ ಮೂರರಲ್ಲಿ ಒಂದು, ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು.

ಈಗ ಎಣಿಸಿ. ಯಾವುದೇ ಜೋಡಿ 6 ರೀತಿಯಲ್ಲಿ ಬರುತ್ತದೆ, ಎರಡು ಬೇರೆ ಎಲೆಗಳ ಕೈ 16 ರೀತಿಯಲ್ಲಿ. ಮೇಜಿನ ಮೇಲೆ ಒಂದು ರಾಜ ಬಿದ್ದಿರುವುದರಿಂದ ರಾಜನಿರುವ ಪ್ರತಿ ಕೈ 16ರಿಂದ 12ಕ್ಕೆ ಇಳಿಯುತ್ತದೆ. ಒಂದು ಏಳು ಬಿದ್ದಿರುವುದರಿಂದ ಏಳರ ಜೋಡಿ 6ರಿಂದ 3ಕ್ಕೆ. ಹಾಗಾದರೆ:

ರಾಜ ಹಿಡಿದ ಕೈ 36, ಏಳರ ತ್ರಿವಳಿ 3. ಒಟ್ಟು 39 ಗಟ್ಟಿ ಕೈಗಳು.
ರಾಜನಿಗಿಂತ ಚಿಕ್ಕ ಜೋಡಿ (ಏಳು ಬಿಟ್ಟು) 36.
ಏನೂ ಸಿಗದ ಎಕ್ಕದ ಕೈ 48, ರಾಣಿ-ಗುಲಾಮ-ಹತ್ತರ ಕೈ 48. ಒಟ್ಟು 96 ಪೊಳ್ಳು.

ಎಲ್ಲ ಸೇರಿ 171. ಇದರಲ್ಲಿ 96, ಅಂದರೆ ಶೇ 56, ಮೊದಲ ಬೆಟ್‌ಗೇ ಬೀಳುತ್ತದೆ. ಪಾಟ್‌ನ ಮೂರನೇ ಒಂದು ಭಾಗ ಬೆಟ್ ಹಾಕಿದರೆ ಅದು ಶೇ 25 ಸಲ ಗೆದ್ದರೆ ಸಾಕು. ಬೇಕಾದ್ದಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಸಲ ಗೆಲ್ಲುತ್ತದೆ. ಪಾಟ್ 4 ಬಿಬಿ ಇದ್ದರೆ 1.3 ಬಿಬಿ ಹಾಕಿ. ಪೂರ್ತಿ ಪಾಟ್ ಹಾಕುವವರು ಅದೇ ಫೋಲ್ಡ್‌ಗೆ ಮೂರು ಪಟ್ಟು ಬೆಲೆ ಕೊಡುತ್ತಾರೆ.

ಅವನು ಕಾಲ್ ಮಾಡಿದ. ಈಗ ಉಳಿದದ್ದು 75 ಕೈ: 39 ಗಟ್ಟಿ, 36 ಚಿಕ್ಕ ಜೋಡಿ. ಟರ್ನ್‌ನಲ್ಲಿ ಸಂಬಂಧವಿಲ್ಲದ ಎಲೆ ಬಿತ್ತು. ಚಿಕ್ಕ ಜೋಡಿಯವರು ಒಂದು ಬೆಟ್ ತಡೆದುಕೊಳ್ಳುತ್ತಾರೆ, ಎರಡನೆಯದಕ್ಕೆ ಬಿಡುತ್ತಾರೆ. ಬಿಗಿ ಆಟಗಾರನ ಸಹಿ ಇದು. 75ರಲ್ಲಿ 36 ಎಂದರೆ ಶೇ 48. ಪಾಟ್‌ನ ಮೂರನೇ ಎರಡು ಭಾಗ ಬೆಟ್ ಹಾಕಿದರೆ ಬೇಕಾದದ್ದು ಶೇ 40. ಎರಡನೇ ಗುಂಡು ಹಾರಿಸಬಹುದು, ಆದರೆ ಅಂತರ ಈಗ ಕಿರಿದು. ಟರ್ನ್‌ನಲ್ಲಿ ಎಕ್ಕ ಬಿದ್ದರೆ ಅಂತರ ಹಿಗ್ಗುತ್ತದೆ: ಎಕ್ಕ ಹಿಡಿದ 48 ಕೈಗಳು ಫ್ಲಾಪ್‌ನಲ್ಲೇ ಹೋಗಿವೆ, ಹತ್ತರ ಜೋಡಿಯವನಿಗಷ್ಟೇ ಅಲ್ಲ, ರಾಜ-ಹತ್ತು ಹಿಡಿದವನಿಗೂ ಈಗ ಬೆವರು. ಹತ್ತು ಬಿದ್ದರೆ ಮಾತ್ರ ನಿಲ್ಲಿಸಿ. ಹತ್ತರ ಜೋಡಿ ತ್ರಿವಳಿಯಾಯಿತು, ರಾಜ-ಹತ್ತು ಎರಡು ಜೋಡಿಯಾಯಿತು.

ಎರಡನೆಯದಕ್ಕೂ ಕಾಲ್ ಬಂದರೆ? ಉಳಿದದ್ದು 39 ಗಟ್ಟಿ ಕೈಗಳು. ರಿವರ್‌ನಲ್ಲಿ ಬ್ಲಫ್ (ಕೈಯಲ್ಲಿ ಏನೂ ಇಲ್ಲದ ಬೆಟ್) ಬೇಡ. "ಮೂರನೆಯದಕ್ಕೆ ಖಂಡಿತ ಬಿಡುತ್ತಾನೆ" ಎಂದು ಪಾಟ್ ಪೂರ್ತಿ ಹಾಕುವವರನ್ನು ನೋಡಿಯೇ ಇಂಥ ಆಟಗಾರ ಬದುಕುವುದು.

ಇದೇ ಎಣಿಕೆ ನಿಮ್ಮ ಕೈಯಲ್ಲಿ ನಿಜವಾಗಿ ರಾಜ ಇದ್ದಾಗಲೂ ಬೇಕು. ನಿಮ್ಮದು ರಾಜ-ಗುಲಾಮ ಎನ್ನೋಣ. ಮೇಜಿನಲ್ಲಿ ಒಂದು, ನಿಮ್ಮಲ್ಲಿ ಒಂದು. ಹೊರಗೆ ಎರಡೇ ರಾಜ. ಎರಡು ಬೆಟ್ ತಡೆದುಕೊಂಡ ಅವನ ಕೈಗಳು: ರಾಜ-ರಾಣಿ 8, ಏಳರ ತ್ರಿವಳಿ 3, ರಾಜ-ಗುಲಾಮ 6, ರಾಜ-ಹತ್ತು 8. ನಿಮ್ಮನ್ನು ಸೋಲಿಸುವವು 11, ನಿಮಗೆ ಸೋಲುವವು 8. ರಿವರ್‌ನಲ್ಲಿ ಮೂರನೇ ಬೆಟ್ ಹಾಕಿದರೆ ನಷ್ಟ. ಚೆಕ್ ಮಾಡಿ ಎಲೆ ತೆರೆಯಿರಿ. ನಿಮ್ಮದು ರಾಜ-ರಾಣಿ ಆಗಿದ್ದರೆ ಚಿತ್ರ ಬೇರೆ: ಸೋಲುವವು ರಾಜ-ಗುಲಾಮ 8, ರಾಜ-ಹತ್ತು 8, ಸಮ 6, ಸೋಲಿಸುವವು 3 ಮಾತ್ರ. ಮೂರನೇ ಬೆಟ್ ಹಾಕಲೇಬೇಕು, ಅರ್ಧ ಪಾಟ್ ಆದರೂ. ಗುಲಾಮನ ಜಾಗದಲ್ಲಿ ರಾಣಿ ಬಂದದ್ದಕ್ಕೆ ಚೆಕ್ ಇದ್ದದ್ದು ಬೆಟ್ ಆಯಿತು. ಸಡಿಲ ಆಟಗಾರನ ಎದುರು ಇಷ್ಟು ಸೂಕ್ಷ್ಮ ಬೇಕಿಲ್ಲ, ಅವನು ಏಳರ ಒಂಟಿ ಜೋಡಿ ಹಿಡಿದೂ ಮೂರು ಸಲ ಕಾಲ್ ಮಾಡುತ್ತಾನೆ.

ಪ್ರಶ್ನೆ: ಎಲ್ಲ ಫ್ಲಾಪ್‌ಗೂ ಹೀಗೇ ಬೆಟ್ ಹಾಕಬಹುದೇ?

ಉತ್ತರ: ಎಲ್ಲಕ್ಕೂ ಅಲ್ಲ. ಜೋಡಿಯಲ್ಲದ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಒಂದು ಜೋಡಿಯಾದರೂ ಸಿಗುವುದು ಮೂರರಲ್ಲಿ ಒಂದು ಸಲ, ಹಾಗಾಗಿ ಹೆಚ್ಚಿನ ಫ್ಲಾಪ್‌ಗೆ ಚಿಕ್ಕ ಬೆಟ್ ನಡೆಯುತ್ತದೆ. ಆದರೆ ಬಿಗಿ ಆಟಗಾರನ ಕೈಯಲ್ಲಿ ದೊಡ್ಡ ಎಲೆಗಳೇ ಹೆಚ್ಚು ಎಂಬುದು ಮರೆಯಬಾರದು. ರಾಣಿ, ಗುಲಾಮ, ಒಂಬತ್ತು; ಅದರಲ್ಲೂ ಎರಡು ಒಂದೇ ಬಣ್ಣ. ಇಂಥ ಕಡೆ ಅವನಿಗೆ ಜೋಡಿ, ನೇರ ಸಾಲಿನ (ಐದು ಎಲೆ ಕ್ರಮವಾಗಿ ಬರುವ) ಆಸೆ, ಫ್ಲಶ್‌ನ (ಐದೂ ಒಂದೇ ಬಣ್ಣ ಬರುವ) ಆಸೆ ಏನಾದರೊಂದು ಇದ್ದೇ ಇರುತ್ತದೆ. ಏನೂ ಇಲ್ಲದಿದ್ದರೆ ನೀವೂ ಚೆಕ್ ಮಾಡಿ. ಒಳ್ಳೆಯ ಬೇಟೆ ಇರುವುದು ಎಕ್ಕ ಅಥವಾ ರಾಜ ಒಂದು ಬಿದ್ದು ಉಳಿದೆರಡು ಚಿಲ್ಲರೆ ಎಲೆ ಇರುವಲ್ಲಿ, ಇಲ್ಲವೇ ಮೇಜಿನ ಮೇಲೆ ಚಿಕ್ಕ ಜೋಡಿ ಬಿದ್ದಲ್ಲಿ, ಎಂಟು-ಎಂಟು-ಮೂರು ಅಂಥದ್ದು.

ನಿಮ್ಮಲ್ಲಿ ಫ್ಲಶ್‌ನ ಆಸೆ ಇದ್ದರೆ ಬೆಟ್ ಇನ್ನೂ ಒಳ್ಳೆಯದು. ಅವನು ಬಿಟ್ಟರೆ ಪಾಟ್ ನಿಮ್ಮದು, ಬಿಡದಿದ್ದರೆ ಟರ್ನ್‌ನಲ್ಲಿ 47ರಲ್ಲಿ 9 ಎಲೆ, ಶೇ 19, ನಿಮ್ಮ ಪರ.

ಪ್ರಶ್ನೆ: ಅವನು ಚೆಕ್ ಮಾಡಿ, ನಾನು ಬೆಟ್ ಹಾಕಿದ ಮೇಲೆ ರೇಸ್ ಮಾಡುತ್ತಾನೆ. ನನ್ನಲ್ಲಿ ಮೇಲಿನ ಜೋಡಿ ಇದೆ. ಬಿಡಲು ಮನಸ್ಸು ಬರುವುದಿಲ್ಲ.

ಉತ್ತರ: ಪಾಟ್ 4, ನಿಮ್ಮ ಬೆಟ್ 2, ಅವನು 8ಕ್ಕೆ ಏರಿಸಿದ. 14 ಇರುವ ಪಾಟ್‌ಗೆ ನೀವು 6 ಹಾಕಬೇಕು; ಶೇ 30 ಗೆಲುವು ಬೇಕು. ಇವನ ಚೆಕ್-ರೇಸ್ ಎಂದರೆ ಎರಡು ಜೋಡಿ ಅಥವಾ ತ್ರಿವಳಿ. ತ್ರಿವಳಿಯ ಎದುರು ನಿಮ್ಮ ಒಂಟಿ ಜೋಡಿಗೆ ಟರ್ನ್ ಮತ್ತು ರಿವರ್ ಎರಡೂ ಸರಿಯಾಗಿ ಬೀಳಬೇಕು. ಶೇ 30 ಎಲ್ಲಿಂದ ಬರಬೇಕು? ಅಲ್ಲದೆ ಕೊಡಬೇಕಾದದ್ದು 6 ಮಾತ್ರವಲ್ಲ, ಟರ್ನ್‌ನಲ್ಲಿ ಇನ್ನೊಂದು, ರಿವರ್‌ನಲ್ಲಿ ಮತ್ತೊಂದು ಬೆಟ್ ಕಾದಿದೆ. ಬಿಡಿ, ಅಲ್ಲೇ, ಆಗಲೇ.

ಮೇಜಿನಲ್ಲಿ ಫ್ಲಶ್‌ನ ಆಸೆ ಕಾಣುತ್ತಿದ್ದರೆ ಮಾತ್ರ ಒಂದು ಸಲ ಯೋಚಿಸಬಹುದು; ಕೆಲವು ಬಿಗಿ ಆಟಗಾರರು ಎಕ್ಕದ ಫ್ಲಶ್ ಆಸೆಗೆ ಚೆಕ್-ರೇಸ್ ಮಾಡುತ್ತಾರೆ. ರಿವರ್‌ನ ರೇಸ್‌ಗೆ ಈ ರಿಯಾಯಿತಿಯೂ ಇಲ್ಲ. ಅದಕ್ಕೆ ಒಂದು ಜೋಡಿ ಹಿಡಿದು ಕಾಲ್ ಮಾಡುವುದು ದಾನ.

ರಿವರ್‌ನಲ್ಲಿ ಅವನೇ ಮುಂದಾಗಿ ಅರ್ಧ ಪಾಟ್ ಬೆಟ್ ಹಾಕಿದರೆ ಕಾಲ್ ಮಾಡಲು ಶೇ 25 ಗೆಲುವು ಸಾಕು ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠ. ಸೂತ್ರ ಸರಿಯೇ, ಆದರೆ ಅವನು ಹತ್ತರಲ್ಲಿ ಒಂದು ಸಲ ಮಾತ್ರ ಬ್ಲಫ್ ಮಾಡುವವನಾದರೆ ಬ್ಲಫ್ ಹಿಡಿಯಲು ಮಾತ್ರ ಲಾಯಕ್ಕಾದ ಕೈಗೆ ಇರುವುದು ಶೇ 10. ಪಾಟ್‌ನ ಅನುಪಾತ ಎಷ್ಟೇ ಆಕರ್ಷಕವಾಗಿದ್ದರೂ 10 ಅನ್ನುವುದು 25 ಆಗುವುದಿಲ್ಲ.

ಪ್ರಶ್ನೆ: ಫ್ಲಾಪ್‌ಗೆ ಮುಂಚೆ ನನ್ನ 2 ಬಿಬಿ ರೇಸ್‌ಗೆ ಅವನು 8 ಬಿಬಿಗೆ ಮರು-ರೇಸ್ ಮಾಡಿದರೆ ಎಕ್ಕ-ಹತ್ತು ಬಿಡಬೇಕೇ? ಹೆಡ್ಸ್-ಅಪ್‌ನಲ್ಲಿ ಎಕ್ಕ ದೊಡ್ಡ ಎಲೆ ಎನ್ನುತ್ತಾರೆ.

ಉತ್ತರ: ಬಿಡಬೇಕು. 6 ಹಾಕಿ 10 ಗೆಲ್ಲುವ ಆಟ, ಶೇ 37.5 ಬೇಕು. ಅವನ ಮರು-ರೇಸ್ ರಾಣಿ ಅಥವಾ ಮೇಲಿನ ಜೋಡಿ ಮತ್ತು ಎಕ್ಕ-ರಾಜ ಮಾತ್ರ ಆಗಿದ್ದರೆ, ಅಂದರೆ ಎರಡು ಎಲೆ ಬರಬಹುದಾದ ಒಟ್ಟು 1,326 ರೀತಿಗಳಲ್ಲಿ 34 ಕೈ, ಎಕ್ಕ-ಹತ್ತಿಗೆ ಇರುವುದು ಸುಮಾರು ಶೇ 25. ಇನ್ನೂ ಕೆಟ್ಟದ್ದೆಂದರೆ ಎಕ್ಕ ಬಿದ್ದಾಗಲೇ ನೀವು ಎಕ್ಕ-ರಾಜನಿಗೆ ಹೆಚ್ಚು ಕಳೆದುಕೊಳ್ಳುವುದು.

ವಿಚಿತ್ರವೆಂದರೆ ಇಲ್ಲಿ ಜೋಡಿ ನಾಲ್ಕು ಎಕ್ಕ-ಹತ್ತಿಗಿಂತ ಒಳ್ಳೆಯ ಕಾಲ್. ಫ್ಲಾಪ್‌ನಲ್ಲಿ ತ್ರಿವಳಿ ಸಿಗುವುದು ಶೇ 11.8, ಸುಮಾರು ಎಂಟೂವರೆಗೆ ಒಂದು ಸಲ. ಕೊಡುವುದು 6, ಅವನ ಬಳಿ ಉಳಿದದ್ದು 92, ಹದಿನೈದು ಪಟ್ಟು. ಜೋಡಿ ರಾಣಿ ಹಿಡಿದವನು ಚಿಲ್ಲರೆ ಎಲೆಗಳ ಫ್ಲಾಪ್‌ನಲ್ಲಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ತ್ರಿವಳಿ ಬರದಿದ್ದರೆ ಇನ್ನೊಂದು ಚಿಪ್ ಹಾಕದೆ ಬಿಡುವ ಶಿಸ್ತು ಇರಬೇಕು. ಅವನ ಬಳಿ 40 ಬಿಬಿ ಮಾತ್ರ ಇದ್ದರೆ ಉಳಿಯುವುದು 32, ಐದು ಪಟ್ಟು. ಆಗ ನಾಲ್ಕರ ಜೋಡಿಯನ್ನೂ ಬಿಡಿ.

ಪ್ರಶ್ನೆ: ನನಗೆ ಜೋಡಿ ಎಕ್ಕ ಬಂದಾಗಲೂ ಅವನು ಬಿಟ್ಟುಬಿಡುತ್ತಾನೆ. ಒಂದೂವರೆ ಬ್ಲೈಂಡ್ ಗೆಲ್ಲಲು ಎಕ್ಕ ಏಕೆ?

ಉತ್ತರ: ಅವನು ಉಳಿದ ಕೈಗಳನ್ನು ಬಿಡುವುದು ನಿಮಗೆ ಇಷ್ಟ, ಈ ಕೈಯನ್ನು ಬಿಡುವುದು ಮಾತ್ರ ಬೇಸರ, ಎರಡೂ ಒಂದೇ ಸ್ವಭಾವದ ಫಲ. ಆದರೂ ಕೆಲವನ್ನು ಮಾಡಬಹುದು. ರೇಸ್ ಅಳತೆ ಬದಲಿಸಬೇಡಿ, ಎಲ್ಲ ಕೈಗೂ ಹಾಕುವ 2 ಬಿಬಿಯೇ ಇರಲಿ. ಫ್ಲಾಪ್ ಒಂಬತ್ತು-ಆರು-ಎರಡು ಹೀಗೆ ಚಪ್ಪಟೆಯಾಗಿದ್ದು ಅವನು ಚೆಕ್ ಮಾಡಿದರೆ ಕೆಲವೊಮ್ಮೆ ನೀವೂ ಚೆಕ್ ಮಾಡಿ. ಅವನ ರಾಣಿ-ಗುಲಾಮ ಈಗ ಬೆಟ್‌ಗೆ ಬೀಳುತ್ತದೆ. ಟರ್ನ್‌ನಲ್ಲಿ ರಾಣಿ ಬಿದ್ದರೆ ಎರಡು ಬೆಟ್ ಕೊಡುತ್ತದೆ. ಫ್ಲಾಪ್‌ನಲ್ಲೇ ದೊಡ್ಡ ಎಲೆ ಬಿದ್ದಿದ್ದರೆ, ರಾಣಿ-ಎಂಟು-ಮೂರು ಎನ್ನೋಣ, ಅವಿತು ಆಡುವುದು ಬೇಡ. ಅವನಿಗೆ ಸಿಕ್ಕಿದ್ದರೆ ಈಗಲೇ ಸಿಕ್ಕಿದೆ.

ಬೆಟ್‌ಗಳ ಅಳತೆಯಲ್ಲಿ ಬೇರೆ ಲೆಕ್ಕ ಇದೆ. 4 ಬಿಬಿ ಪಾಟ್‌ನಲ್ಲಿ ಮೂರು ಸಲವೂ ಮೂರನೇ ಎರಡು ಭಾಗ ಬೆಟ್ ಹಾಕಿ ಕಾಲ್ ಸಿಕ್ಕರೆ ಪಾಟ್ 9.3, 21.8, 50.8 ಆಗುತ್ತದೆ. ಮೂರನೇ ಒಂದು, ನಂತರ ಅರ್ಧ, ಅರ್ಧ ಹಾಕಿದರೆ 6.7, 13.3, 26.7. ಕಾಗದದ ಮೇಲೆ ಮೊದಲನೆಯದು ಚೆಂದ, ಆದರೆ ಒಂದೇ ಜೋಡಿ ಹಿಡಿದ ಬಿಗಿ ಆಟಗಾರ ಟರ್ನ್‌ನಲ್ಲೇ ಎದ್ದು ಹೋಗುತ್ತಾನೆ. ಎರಡನೆಯದರಲ್ಲಿ ಕೊನೆ ತನಕ ಬರುವ ಸಂಭವವಿದೆ.

ಪ್ರಶ್ನೆ: ಬಟನ್ ಅವನದ್ದಾದಾಗ ಅವನು ಹೆಚ್ಚಾಗಿ ಅರ್ಧ ಬ್ಲೈಂಡ್ ತುಂಬಿ ಸುಮ್ಮನಾಗುತ್ತಾನೆ. ಅಪರೂಪಕ್ಕೆ ರೇಸ್ ಮಾಡುತ್ತಾನೆ.

ಉತ್ತರ: ಬರೀ ತುಂಬಿದಾಗ 3 ಬಿಬಿಗೆ ರೇಸ್ ಮಾಡಿ. 2 ಹಾಕಿ 2 ಗೆಲ್ಲುವ ಆಟ, ಅರ್ಧ ಸಲ ಬಿಟ್ಟರೆ ಸಾಕು. ಆದರೆ ಅವನು ಕಾಲ್ ಮಾಡಿದರೆ ಮುಂದಿನ ಮೂರು ಸುತ್ತಿನಲ್ಲೂ ನೀವೇ ಮೊದಲು ಆಡಬೇಕು ಎಂಬುದು ನೆನಪಿರಲಿ; ಬಟನ್‌ನಲ್ಲಿ ಇದ್ದಂತೆ ಎಲ್ಲ ಎಲೆಗೂ ಇದು ಬೇಡ, ಮೇಲಿನ ಅರ್ಧಕ್ಕೆ ಸಾಕು. ಅವನು 2 ಬಿಬಿಗೆ ರೇಸ್ ಮಾಡಿದಾಗ 1 ಹಾಕಿ 3 ಗೆಲ್ಲುವ ಶೇ 25ರ ಲೆಕ್ಕ ಕೇಳಲು ಸಲೀಸು, ಆದರೆ ರಾಣಿ-ಮೂರು ಹಿಡಿದು ಮೊದಲು ಆಡುತ್ತ ಆ 25ನ್ನು ಪೂರ್ತಿ ವಸೂಲು ಮಾಡುವುದು ಆಗದ ಮಾತು. ಅಂಥವನ್ನು ಬಿಡಿ. ಒಂದೇ ಬಣ್ಣದ ಎಂಟು-ಏಳು, ಒಂಬತ್ತು-ಎಂಟು, ಯಾವುದೇ ಜೋಡಿ ಇಟ್ಟುಕೊಳ್ಳಿ. ಇವು ಸಿಕ್ಕರೆ ದೊಡ್ಡದಾಗಿ ಸಿಗುತ್ತವೆ, ಸಿಗದಿದ್ದರೆ ಬಿಡುವುದು ಸುಲಭ.

ಪ್ರಶ್ನೆ: ಟೂರ್ನಿಯ ಕೊನೆ. ನನ್ನ ಬಳಿ 10 ಬಿಬಿ, ಅವನ ಬಳಿ ಹೆಚ್ಚು. ಆಲ್-ಇನ್ (ಇರುವ ಚಿಪ್ಸ್ ಎಲ್ಲ ಹಾಕುವುದು) ಯಾವಾಗ?

ಉತ್ತರ: ಸ್ಮಾಲ್ ಬ್ಲೈಂಡ್‌ನಲ್ಲಿದ್ದರೆ ಹೆಚ್ಚು ಕಡಿಮೆ ಯಾವಾಗಲೂ. ಅವನು ಆಲ್-ಇನ್‌ಗೆ ಕಾಲ್ ಮಾಡುವುದು ಎಂಟು ಮತ್ತು ಮೇಲಿನ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಬಣ್ಣದ ಎಕ್ಕ-ಗುಲಾಮ, ಎಕ್ಕ-ಹತ್ತು, ರಾಜ-ರಾಣಿ ಎನ್ನೋಣ. 1,326ರಲ್ಲಿ 86 ಕೈ, ಶೇ 6.5. ನಿಮ್ಮ ಎಲೆ ಎಷ್ಟು ಕೆಟ್ಟದ್ದೆಂದರೆ ಕಾಲ್ ಬಂದಾಗ ಶೇ 20 ಮಾತ್ರ ಗೆಲ್ಲುತ್ತದೆ ಎಂದು ಹಿಡಿಯಿರಿ. ಶೇ 93.5 ಸಲ 1 ಬಿಬಿ ಲಾಭ, ಶೇ 6.5 ಸಲ ಸರಾಸರಿ 6 ಬಿಬಿ ನಷ್ಟ. ಒಟ್ಟು ಸುಮಾರು 0.55 ಬಿಬಿ ಲಾಭ. ಎಲೆ ಬಿಟ್ಟರೆ 0.5 ನಷ್ಟ. ಅವನು ಮೂರರಲ್ಲಿ ಒಂದು ಸಲ ಕಾಲ್ ಮಾಡುವವನಾದರೆ ಲೆಕ್ಕ ತಿರುಗುತ್ತದೆ: ಶೇ 30 ಗೆಲ್ಲುವ ಎಲೆಗೂ ಆಗ 0.67 ನಷ್ಟ, ಬಿಡುವುದೇ ಮೇಲು. ಹಾಗಾಗಿ ಅವನು ಯಾವ ಎಲೆಗೆ ಕಾಲ್ ಮಾಡಿದ ಎಂಬುದನ್ನು ಮೊದಲ ಸಲ ತೆರೆದಾಗಲೇ ಗಮನಿಸಿ.

ಅವನೇ ಆಲ್-ಇನ್ ಹಾಕಿ ನೀವು ಬಿಗ್ ಬ್ಲೈಂಡ್‌ನಲ್ಲಿದ್ದರೆ ಕಥೆ ಉಲ್ಟಾ. 9 ಹಾಕಿ 11 ಗೆಲ್ಲಬೇಕು, ಶೇ 45 ಬೇಕು. ಮೇಲಿನ 86 ಕೈಗಳ ಎದುರು ಎಕ್ಕ-ರಾಜಕ್ಕೆ ಮತ್ತು ಹತ್ತರ ಜೋಡಿಗೆ ಅಷ್ಟಿದೆ. ಒಂಬತ್ತರ ಜೋಡಿಗೆ ಸ್ವಲ್ಪ ಕಡಿಮೆ, ಎಕ್ಕ-ರಾಣಿಗೆ ಶೇ 42ರ ಆಸುಪಾಸು. ಹೌದು, ಎಕ್ಕ-ರಾಣಿ ಬಿಡಬೇಕು, ಎಷ್ಟೇ ನೋವಾದರೂ.

ಪ್ರಶ್ನೆ: ಕಂಪ್ಯೂಟರ್‌ಗಳು ಹೆಡ್ಸ್-ಅಪ್ ಪೋಕರ್‌ನಲ್ಲಿ ಮನುಷ್ಯರನ್ನು ಸೋಲಿಸಿವೆ ಎಂದು ಓದಿದ್ದೆ. ಅವುಗಳ ಆಟವನ್ನೇ ಕಲಿತರೆ ಸಾಲದೇ?

ಉತ್ತರ: 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರನ್ನು 1,20,000 ಕೈಗಳಲ್ಲಿ ಸೋಲಿಸಿತು. ಆ ಬಗೆಯ ಆಟದ ಗುರಿ ಯಾರೂ ತನ್ನ ದೌರ್ಬಲ್ಯವನ್ನು ಬಳಸಿಕೊಳ್ಳಬಾರದು ಎಂಬುದು. ನಾಲ್ವರು ನಿಪುಣರ ಎದುರು ಅದು ಬೇಕು. ನಿಮ್ಮ ಎದುರಾಳಿ ನಿಮ್ಮನ್ನು ಬಳಸಿಕೊಳ್ಳಲು ಹೊರಟೇ ಇಲ್ಲವಲ್ಲ! ಸಮತೋಲನದ ಆಟದಲ್ಲಿ ರಿವರ್‌ನ ಬೆಟ್‌ಗೆ ಇಂತಿಷ್ಟು ಸಲ ಕಾಲ್ ಮಾಡಲೇಬೇಕು, ಬಟನ್‌ನಲ್ಲಿ ಕೆಲವು ಕೈ ಬಿಡಲೇಬೇಕು. ಬಿಗಿ ಆಟಗಾರನ ಎದುರು ಮೊದಲನೆಯದು ಚಿಪ್ಸ್ ಕೊಡುತ್ತದೆ, ಎರಡನೆಯದು ಬರಬೇಕಾದ ಚಿಪ್ಸ್ ತಪ್ಪಿಸುತ್ತದೆ. ಸಮತೋಲನದ ಆಟ ಗೊತ್ತಿರಲಿ, ಎಷ್ಟು ಬಾಗಿದ್ದೇವೆ ಎಂದು ಅಳೆಯಲು ಒಂದು ನೇರ ಗೆರೆ ಬೇಕಲ್ಲ.

ಪ್ರಶ್ನೆ: ಅವನು ನನ್ನ ಆಟ ಅರ್ಥ ಮಾಡಿಕೊಂಡು ಬದಲಾದರೆ ಗೊತ್ತಾಗುವುದು ಹೇಗೆ?

ಉತ್ತರ: ಬಿಗಿ ಆಟಗಾರ ಒಮ್ಮೆಲೇ ಬದಲಾಗುವುದಿಲ್ಲ, ಒಂದು ಕಡೆ ಸಡಿಲಾಗುತ್ತಾನೆ. ಸಾಮಾನ್ಯವಾಗಿ ಮೊದಲು ಕಾಣುವುದು ಫ್ಲಾಪ್‌ನ ಕಾಲ್: ಒಂದು ಬೆಟ್‌ಗೆ ಬೀಳುತ್ತಿದ್ದವನು ಎಕ್ಕ ಹಿಡಿದು ಏನೂ ಸಿಗದೆಯೂ ಒಂದು ಸಲ ಕಾಲ್ ಮಾಡತೊಡಗುತ್ತಾನೆ. ಆಗ ಫ್ಲಾಪ್‌ನಲ್ಲಿ ಪೊಳ್ಳು ಬೆಟ್ ಕಡಿಮೆ ಮಾಡಿ, ಹಾಕಿದಾಗ ಟರ್ನ್‌ನಲ್ಲೂ ಹಾಕಿ. ಅಲ್ಲಿ ಇನ್ನೂ ಹಳೆಯ ಸ್ವಭಾವವೇ ಇರುತ್ತದೆ. ಎರಡನೆಯದು ಮರು-ರೇಸ್. ಹತ್ತು ಬಟನ್‌ಗಳಲ್ಲಿ ಮೂರು ಸಲ ಮರು-ರೇಸ್ ಬಂದರೆ ಅವನ ಕೈಯಲ್ಲಿ ಮೂರು ಸಲವೂ ಮೇಲೆ ಹೇಳಿದ 34 ಕೈಗಳಲ್ಲಿ ಒಂದು, ಅಂದರೆ ಸುಮಾರು ಶೇ 2.6ರ ಎಲೆ, ಬಂದಿರುವ ಸಂಭವ ತೀರಾ ಕಡಿಮೆ. ಆಗ ಕೆಳಗಿನ ಮೂರನೇ ಒಂದು ಭಾಗ ಎಲೆಗಳಿಗೆ ರೇಸ್ ನಿಲ್ಲಿಸಿ, ಎಕ್ಕ ಇರುವ ಕೈಗಳಲ್ಲಿ ಕೆಲವಕ್ಕೆ ತಿರುಗಿ ರೇಸ್ ಮಾಡಿ: ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದರೆ ಅವನ ಜೋಡಿ ಎಕ್ಕ 6ರಿಂದ 3ಕ್ಕೆ, ಎಕ್ಕ-ರಾಜ 16ರಿಂದ 12ಕ್ಕೆ ಇಳಿದಿರುತ್ತದೆ. ಎಕ್ಕ-ಐದು ಒಂದೇ ಬಣ್ಣದ್ದಾದರೆ ಈ ಕೆಲಸಕ್ಕೆ ಚೆನ್ನಾಗಿದೆ, ಕಾಲ್ ಬಂದರೂ ಫ್ಲಶ್ ಮತ್ತು ಸಾಲು ಎರಡರ ದಾರಿಯೂ ತೆರೆದಿರುತ್ತದೆ. ಅಳತೆ ಅವನ 8 ಬಿಬಿಗೆ 18 ಬಿಬಿ. ಅದಕ್ಕೂ ಅವನು ಆಲ್-ಇನ್ ಹಾಕಿದರೆ ಬಿಡಿ.